ರೋಗದ ಹೆಸರನ್ನು ರೋಗಿಯಿಂದ ಮುಚ್ಚಿಡಬಹುದೆ?

ಪ್ರಶ್ನೆ: ಮನೆಯ ಹಿರಿಯರಿಗೆ ಕ್ಯಾನ್ಸರ್ ಎಂದು ತಿಳಿದಾಗ ಅದನ್ನು ಅವರಿಗೇ ಹೇಳಬೇಕೆ? (ಸನವಳ್ಳಿ, ಮುಂಡಗೋಡ ತಾಲ್ಲೂಕು)

ಉತ್ತರ: ರೋಗಿ ತಿಳಿಯಬಯಸಿದಷ್ಟನ್ನು, ಅವರು ತಾಳಿಕೊಳ್ಳಬಲ್ಲ ನಿಧಾನದಲ್ಲಿ ಹೇಳುವುದೇ ಸರಿ, ಏಕೆಂದರೆ ಮನೆಯವರು ಪ್ರೀತಿಯಿಂದಲೇ ಮುಚ್ಚಿಟ್ಟರೂ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗಲೇ ರೋಗಿಗೆ ಬಹುಪಾಲು ಅರ್ಥವಾಗಿರುತ್ತದೆ, ಆಮೇಲೆ ಉಳಿಯುವುದು ಪರಸ್ಪರ ನಟಿಸುವವರ ಒಂಟಿತನ. ಮಾತು ಆರಂಭವಾಗಬೇಕಾದದ್ದು ಇದಕ್ಕೂ ಬಹಳ ಮೊದಲೇ: ತಂಬಾಕು, ಗುಟ್ಕಾ ಜಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ, ಮುಟ್ಟು ನಿಂತು ವರ್ಷಗಳಾದ ಬಳಿಕ ಕಾಣುವ ರಕ್ತಸ್ರಾವ, ಸ್ತನದಲ್ಲಿನ ಗಂಟು ಇವು ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲವಾದ್ದರಿಂದಲೂ, ಹೆಂಗಸರು ಸಂಕೋಚದಿಂದ ಹೇಳಿಕೊಳ್ಳದಿರುವುದರಿಂದಲೂ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ಬಯಾಪ್ಸಿ, ಅಂದರೆ ಚೂರು ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ರೋಗವನ್ನು ಕೆರಳಿಸೀತೆಂಬ ಹೆದರಿಕೆಯಿಂದ ಅದನ್ನು ಮುಂದೂಡುವುದು ದೊಡ್ಡ ತಪ್ಪು.

ರೋಗ ಗುಣವಾಗದ ಹಂತ ತಲುಪಿದಾಗಲೂ ಮಾಡುವಂಥದ್ದು ಬಹಳಷ್ಟಿರುತ್ತದೆ. ನೋವು, ಉಸಿರುಕಟ್ಟುವಿಕೆ, ಭಯ ಇವುಗಳನ್ನು ತಗ್ಗಿಸುವುದಕ್ಕೆ ಉಪಶಮನ ಆರೈಕೆ ಎಂದು ಹೆಸರು. ಬೆಂಗಳೂರಿನ ಕರುಣಾಶ್ರಯ ಸಂಸ್ಥೆ ಇದನ್ನು ಉಚಿತವಾಗಿ ನೀಡುತ್ತ ಬಂದಿದೆ, ತೀವ್ರ ನೋವನ್ನು ತಗ್ಗಿಸುವ ಮಾರ್ಫಿನ್ ದೊರೆಯುವುದನ್ನು ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ಸರಳಗೊಳಿಸಿದೆ. ಕೃತಕ ಉಸಿರಾಟದ ಯಂತ್ರ ಬೇಕೆ ಬೇಡವೆ ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ಆದರೆ ತನ್ನ ರೋಗವೇನೆಂದೇ ತಿಳಿಯದ ವ್ಯಕ್ತಿ ಅಂಥ ಪತ್ರವನ್ನು ಬರೆಯಲಾರರು.