ಫ್ರಿಜ್ಜಿನ ನಲ್ಲಿಯಲ್ಲಿ ನೀರು ಬಾರದಿದ್ದಾಗ

ಬಾಗಿಲಿನಲ್ಲಿಯೇ ತಣ್ಣೀರಿನ ನಲ್ಲಿ ಇರುವ ಫ್ರಿಜ್ಜುಗಳು ಶಿವಮೊಗ್ಗ, ಭದ್ರಾವತಿಯ ಮನೆಗಳಿಗಷ್ಟೇ ಅಲ್ಲ, ತೋಟದ ಮನೆಗಳಿಗೂ ಬಂದಿವೆ. ಲೋಟವನ್ನು ಒತ್ತಿ ಹಿಡಿದರೆ ನೀರು ಬೀಳಬೇಕು. ಬೀಳದಿದ್ದರೆ ಫ್ರಿಜ್ಜು ಕೆಟ್ಟಿತೆಂದು ಪೇಟೆಯಿಂದ ರಿಪೇರಿಯವರನ್ನು ಕರೆಸುತ್ತೇವೆ. ನಾವು ಕಂಡಂತೆ, ಎಷ್ಟೋ ಸಲ ಕೆಟ್ಟಿರುವುದು ಫ್ರಿಜ್ಜಲ್ಲ. ಅದಕ್ಕೆ ಬರುವ ನೀರಿಗೆ ಒತ್ತಡ ಸಾಲದು, ಇಲ್ಲವೇ ದಾರಿಯಲ್ಲಿ ಏನೋ ಕಟ್ಟಿಕೊಂಡಿರುತ್ತದೆ. ಡ್ರಿಪ್ ಪೈಪು ಕಟ್ಟಿದರೆ ತಾವೇ ಬಿಚ್ಚಿ ತೊಳೆಯುವ ಬೆಳೆಗಾರ ಬಾಂಧವರಿಗೆ ಇದು ಹೊಸ ವಿದ್ಯೆಯೇನಲ್ಲ.

ಈ ಫ್ರಿಜ್ಜುಗಳಲ್ಲಿ ಎರಡು ಬಗೆ. ಒಂದರಲ್ಲಿ ಬಾಗಿಲಿನ ಒಳಬದಿಗೆ ಕೆಲವು ಲೀಟರ್ ಹಿಡಿಯುವ ಡಬ್ಬಿ ಇರುತ್ತದೆ, ನಾವೇ ನೀರು ತುಂಬಬೇಕು. ಇದರ ತೊಂದರೆಗಳು ಸಣ್ಣವು. ತೊಳೆದ ಡಬ್ಬಿಯನ್ನು ಸರಿಯಾಗಿ ಕೂರಿಸದಿದ್ದರೆ ನೀರು ಬರುವುದಿಲ್ಲ. ಬಾಯಿಯ ರಬ್ಬರಿನಲ್ಲಿ ಸುಣ್ಣದ ಪೊರೆ ಕೂತರೆ ತೊಟ್ಟಿಕ್ಕುತ್ತದೆ. ನಿಂಬೆರಸ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನೊಂದು ಬಗೆ, ಹಿಂಬದಿಯಿಂದ ನೇರವಾಗಿ ಪೈಪಿನ ನೀರು ಪಡೆಯುವಂಥದು. ತಲೆನೋವು ಇದರದೇ. ತಯಾರಕರ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 20 ಪೌಂಡ್ ಒತ್ತಡ ಬೇಕೆಂದು ಬರೆದಿರುತ್ತಾರೆ. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 1.4 ಕಿಲೋ. ನೀರು 10 ಮೀಟರ್ ಎತ್ತರದಿಂದ ಇಳಿದರೆ 1 ಕಿಲೋ ಒತ್ತಡ ಬರುತ್ತದೆ ಎಂಬ ಲೆಕ್ಕ ಪಂಪು ಹಾಕಿಸಿದವರಿಗೆಲ್ಲ ಗೊತ್ತು. ಹಾಗಾದರೆ ಈ ಫ್ರಿಜ್ಜಿಗೆ 14 ಮೀಟರ್ ಎತ್ತರ ಬೇಕು. ಶಿವಮೊಗ್ಗದಲ್ಲಿ ತುಂಗೆಯ ನೀರು, ಭದ್ರಾವತಿಯಲ್ಲಿ ಭದ್ರೆಯ ನೀರು ನಲ್ಲಿಗೆ ಬಂದರೂ, ಎಷ್ಟೋ ಮನೆಗಳಲ್ಲಿ ಅದನ್ನು ಸಂಪಿಗೆ ಬಿಟ್ಟು ತಾರಸಿಯ ಟ್ಯಾಂಕಿಗೆ ಏರಿಸುತ್ತೇವೆ. ಆ ಟ್ಯಾಂಕು ಫ್ರಿಜ್ಜಿಗಿಂತ 4 ಮೀಟರ್ ಮೇಲಿದ್ದರೆ ಸಿಗುವ ಒತ್ತಡ 0.4 ಕಿಲೋ ಮಾತ್ರ. ನೀರು ದಾರದಂತೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಭದ್ರಾವತಿಯ ನಮ್ಮ ಮನೆಯಲ್ಲೇ ಹೀಗಾಯಿತು. ಬಂದವರು ವಾಲ್ವ್ ಬದಲಿಸಿ ದುಡ್ಡು ಪಡೆದು ಹೋದರು. ಮಾರನೆಯ ದಿನ ಅದೇ ದಾರ! ಕೊನೆಗೆ ಫ್ರಿಜ್ಜಿನ ಪ್ಲಗ್ ಕಿತ್ತು, ನೀರಿನ ಟ್ಯಾಪ್ ಮುಚ್ಚಿ, ಹಿಂಬದಿಯ ಪೈಪನ್ನು ಬಿಡಿಸಿ ಬಕೆಟ್ಟಿಗೆ ಹಿಡಿದು ಟ್ಯಾಪ್ ತಿರುಗಿಸಿದೆವು. ಅಲ್ಲಿಯೂ ಧಾರೆ ಸಣ್ಣದೇ. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ವಾಲ್ವಿನ ಹಣ ಉಳಿಯುತ್ತಿತ್ತು. ಟ್ಯಾಂಕನ್ನು ಒಂದು ಮೀಟರ್ ಎತ್ತರಿಸಿದರೆ ಹೆಚ್ಚುವುದು 0.1 ಕಿಲೋ ಮಾತ್ರವಾದ್ದರಿಂದ ಸ್ಟ್ಯಾಂಡ್ ಕಟ್ಟಿಸುವುದು ವ್ಯರ್ಥ. ಒತ್ತಡ ಹೆಚ್ಚಿಸುವ ಸಣ್ಣ ಪಂಪು ಕೂರಿಸುವುದೇ ದಾರಿ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿಯೇ ಕೇಳಿ, ತಾರಸಿ ಟ್ಯಾಂಕಿನ ಮನೆಯಾದರೆ ಡಬ್ಬಿಯ ಬಗೆಯನ್ನೇ ತರುವುದು ವಾಸಿ. ಗುಡ್ಡದ ಮೇಲಿನ ಅಬ್ಬಿ ನೀರನ್ನು ಪೈಪಿನಲ್ಲಿ ನೇರವಾಗಿ ಮನೆಗೆ ತಂದವರು ಅದೃಷ್ಟವಂತರು. 20 ಮೀಟರ್ ಇಳಿಜಾರಿದ್ದರೆ ಅವರಿಗೆ 2 ಕಿಲೋ ಒತ್ತಡ ಪುಕ್ಕಟೆ.

ಆದರೆ ಅಬ್ಬಿ ನೀರಿನ ಜೊತೆಗೆ ಮಳೆಗಾಲದಲ್ಲಿ ಕೆಸರೂ ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಗಾಳಿ ತಾಗಿ ಕೆಂಪು ಗಸಿ ಕೂರುತ್ತದೆ. ಎರಡೂ ಸೇರಿ ಫ್ರಿಜ್ಜಿನ ಫಿಲ್ಟರನ್ನು ಕಟ್ಟಿಸುತ್ತವೆ. ಆರು ತಿಂಗಳಿಗೊಮ್ಮೆ ಬದಲಿಸಿ ಎಂದು ಬರೆದಿದ್ದರೂ ಇಂಥ ನೀರಿಗೆ ಅದು ಅಷ್ಟು ದಿನ ಬಾಳುವುದಿಲ್ಲ. ಡ್ರಿಪ್‌ಗೆ ಹಾಕುವಂತೆ, ಫ್ರಿಜ್ಜಿಗಿಂತ ಮೊದಲೇ ತೊಳೆಯಬಹುದಾದ ಒಂದು ಜಾಲರಿ ಫಿಲ್ಟರ್ ಹಾಕಿಸಿರಿ. ಇನ್ನೊಂದು ಮಾತು: ಫ್ರಿಜ್ಜಿನ ಫಿಲ್ಟರಿನಲ್ಲಿರುವುದು ಬಹುಮಟ್ಟಿಗೆ ಇದ್ದಿಲು. ಅದು ಕ್ಲೋರಿನ್ ವಾಸನೆ ತೆಗೆಯುತ್ತದೆ, ರೋಗದ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಶುದ್ಧೀಕರಿಸದ ಅಬ್ಬಿ ಅಥವಾ ಬಾವಿಯ ನೀರನ್ನು ಇದರಿಂದ ಹಿಡಿದು ಮಕ್ಕಳಿಗೆ ಕುಡಿಸಬೇಡಿರಿ. ಕುದಿಸಿ ಆರಿಸಿದ ನೀರೇ ಆಗಬೇಕು.

ಹೊಸ ಫಿಲ್ಟರ್ ಹಾಕಿದ ಮೇಲೆ ನೀರು ಉಗುಳುತ್ತಾ ಬಂದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಹತ್ತು ಲೀಟರಿನಷ್ಟು ಹರಿಯಬಿಟ್ಟು ಚೆಲ್ಲಿದರೆ ನಿಲ್ಲುತ್ತದೆ. ಕೊಯ್ಲಿನ ಕಾಲದಲ್ಲಿ ಪೇಟೆಯ ಮನೆಗೆ ವಾರಗಟ್ಟಲೆ ಬೀಗ ಹಾಕಿದ್ದರೂ ಮೊದಲು ಬರುವ ನೀರನ್ನು ಹೀಗೆಯೇ ಚೆಲ್ಲಬೇಕು.

ಒತ್ತಡವಿದೆ, ಫಿಲ್ಟರ್ ಹೊಸದು, ಆದರೂ ನೀರಿಲ್ಲ ಎಂದಾದರೆ ಲೋಟ ಒತ್ತಿ ಹಿಡಿದು ಹಿಂಬದಿಗೆ ಕಿವಿ ಕೊಡಿರಿ. ಗುಂಯ್ ಎಂಬ ಸದ್ದು ಕೇಳಿಸಿದರೆ ವಾಲ್ವಿಗೆ ಕರೆಂಟು ಹೋಗುತ್ತಿದೆ, ನೀರು ಎಲ್ಲೋ ಮುಂದೆ ನಿಂತಿದೆ. ಫ್ರೀಜರಿನ ಬಾಗಿಲಿನಲ್ಲಿಯೇ ನಲ್ಲಿ ಇರುವ ಮಾದರಿಗಳಲ್ಲಿ ಒಳಗಿನ ಸಣ್ಣ ಪೈಪು ಹೆಪ್ಪುಗಟ್ಟುವುದುಂಟು. ಫ್ರೀಜರನ್ನು ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಇಟ್ಟರೆ ಸಾಕು, ಇನ್ನೂ ತಣ್ಣಗಿಡಬೇಡಿರಿ. ಹೆಪ್ಪುಗಟ್ಟಿದ್ದರೆ ಪ್ಲಗ್ ಕಿತ್ತು, ಸಾಮಾನು ತೆಗೆದು, ಕೆಲವು ಗಂಟೆ ಬಾಗಿಲು ತೆರೆದಿಡಬೇಕು. ಚಾಕುವಿನಿಂದ ಕೆದಕುವುದೂ ಕುದಿನೀರು ಸುರಿಯುವುದೂ ಬೇಡ.

ಸದ್ದೇ ಇಲ್ಲದಿದ್ದರೆ ಮೊದಲು ಮಕ್ಕಳ ಬೀಗದ ಗುಂಡಿ ನೋಡಿರಿ. ಮೊಮ್ಮಕ್ಕಳು ಬಂದು ಹೋದ ಮನೆಗಳಲ್ಲಿ ಕಾರಣ ಬಹಳ ಸಲ ಇಷ್ಟೇ! ಬಾಗಿಲು ಪೂರ್ತಿ ಮುಚ್ಚದಿದ್ದರೂ ಎಷ್ಟೋ ಮಾದರಿಗಳಲ್ಲಿ ನೀರು ಬರುವುದಿಲ್ಲ. ಇವೆರಡೂ ಸರಿಯಿದ್ದರೆ ಸ್ವಿಚ್ಚು, ವೈರು ಅಥವಾ ವಾಲ್ವಿನ ಸುರುಳಿ ಹೋಗಿರಬಹುದು. ಅಲ್ಲಿಗೆ ನಮ್ಮ ಕೈಕೆಲಸ ನಿಲ್ಲಬೇಕು. ರಿಪೇರಿಯವರಿಗೆ ಫೋನು ಮಾಡುವಾಗ ಬಕೆಟ್ಟಿನ ಪರೀಕ್ಷೆಯಲ್ಲಿ ಕಂಡದ್ದನ್ನೂ ಸದ್ದು ಇದೆಯೋ ಇಲ್ಲವೋ ಎಂಬುದನ್ನೂ ತಿಳಿಸಿದರೆ, ಅವರು ಬೇಕಾದ ಬಿಡಿಭಾಗವನ್ನು ಜೊತೆಯಲ್ಲೇ ತರುತ್ತಾರೆ, ಎರಡನೆಯ ಸಲ ಬರುವ ಖರ್ಚು ಉಳಿಯುತ್ತದೆ.