ನಿದ್ದೆಯ ಮೇಲೇಕೆ ಇಷ್ಟು ಸಿಟ್ಟು?

ನಸುಕಿನ ನಾಲ್ಕೂವರೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ನೀವು ಕೈ ಚಾಚಿ ಅದರ ಬಾಯಿ ಮುಚ್ಚಿಸುತ್ತೀರಿ. ಇನ್ನು ಐದೇ ಐದು ನಿಮಿಷ! ಆ ಐದು ನಿಮಿಷದಷ್ಟು ಸಿಹಿಯಾದದ್ದು ಈ ಲೋಕದಲ್ಲಿ ಬೇರೊಂದಿದೆಯೇ? ಅದೇ ನೀವು ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದಿಟ್ಟು, ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ಇನ್ನಾದರೂ ನಾಲ್ಕು ಪುಟ ಓದೋಣವೆಂದು ಕುಳಿತರೆ ಕಣ್ಣು ಎಳೆಯತೊಡಗುತ್ತದೆ. ಆಗ ಅದೇ ನಿದ್ದೆಯನ್ನು ಶಪಿಸುತ್ತೀರಿ. ಈ ಹಾಳು ನಿದ್ದೆ ಇಲ್ಲದಿದ್ದರೆ ಎಷ್ಟೆಲ್ಲ ಕೆಲಸ ಮುಗಿಸಬಹುದಿತ್ತು ಎಂದು ನೀವು ಒಮ್ಮೆಯಾದರೂ ಅಂದುಕೊಂಡಿಲ್ಲವೇ?

ನಾನಂತೂ ಅಂದುಕೊಂಡಿದ್ದೇನೆ. ಮದ್ರಸಾದ ಓದು ಮುಗಿಸಿ, ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ದೂರ ಶಿಕ್ಷಣದಲ್ಲಿ ಬಿ.ಎ. ಕಟ್ಟಿದವಳು ನಾನು. ಹಗಲು ಮನೆಯದು, ರಾತ್ರಿ ಮಾತ್ರ ನನ್ನದು. ತಣ್ಣೀರಿನ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಇತಿಹಾಸ ಓದಿದ ದಿನಗಳಿವೆ. ಮಂಡ್ಯದಲ್ಲಿ ಪರೀಕ್ಷೆ ಬರೆದು ಬಸ್ಸು ಹತ್ತಿದ ಒಂದು ಸಂಜೆ, ಮದ್ದೂರಿನಲ್ಲಿ ಇಳಿಯಬೇಕಾದವಳು ಕಣ್ಣು ಬಿಟ್ಟದ್ದು ಚನ್ನಪಟ್ಟಣದಲ್ಲಿ. ಗಾಬರಿಯಿಂದ ಕಂಡಕ್ಟರನ್ನು ಕೇಳಿದರೆ, "ಪಾಪ, ಅಷ್ಟು ಚೆನ್ನಾಗಿ ಮಲಗಿದ್ರಿ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಕನಮ್ಮ" ಎಂದ. ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಎಷ್ಟೋ ತಿಂಗಳ ನಂತರ ಒಬ್ಬ ಮನುಷ್ಯ ನನ್ನ ನಿದ್ದೆಯ ಬಗ್ಗೆ ಪಾಪ ಅಂದಿದ್ದ!

ಇಷ್ಟೆಲ್ಲ ಅನುಭವಿಸಿದವಳು ಬೇರೆಯವರ ನಿದ್ದೆಯನ್ನು ಅರಿಯಬೇಕಿತ್ತು. ಅರಿಯಲಿಲ್ಲ.

ಶಿಕ್ಷಕಿಯಾದ ಮೊದಲ ವರ್ಷಗಳಲ್ಲಿ, ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿ ತೂಕಡಿಸಿದಳು. ಎರಡು ಸಲ ಎಚ್ಚರಿಸಿದೆ. ಮೂರನೆಯ ಸಲ ಎಲ್ಲರೆದುರು ನಿಲ್ಲಿಸಿ, "ರಾತ್ರಿಯೆಲ್ಲ ಟಿ.ವಿ. ನೋಡಿ ಇಲ್ಲಿಗೆ ಮಲಗಲು ಬರುತ್ತೀಯಾ?" ಎಂದು ಗದರಿದೆ. ಅವಳು ಉತ್ತರಿಸಲಿಲ್ಲ. ಮಧ್ಯಾಹ್ನದವರೆಗೂ ನಿಂತೇ ಇದ್ದಳು. ಮರುದಿನ ಅವಳ ತಾಯಿ ಬಂದರು. "ಆಪಾ, ಮೊನ್ನೆ ರಾತ್ರಿ ಹುಳು ಹಣ್ಣಾಗಿತ್ತು. ಕೂಲಿಯವರು ಸಿಗಲಿಲ್ಲ. ಬೆಳಗಿನವರೆಗೂ ನನ್ನ ಜೊತೆ ಕೂತು ಹಣ್ಣು ಹುಳು ಆಯ್ದು ಚಂದ್ರಿಕೆಗೆ ಬಿಟ್ಟಳು. ತಪ್ಪು ನನ್ನದು" ಎಂದರು. ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ರೇಷ್ಮೆ ಸಾಕುವ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ಅದು ಸಿಕ್ಕಿದ ಕಡೆ ನೂಲು ಸುತ್ತಿ ಗೂಡು ಕೆಡಿಸುತ್ತದೆ. ಒಂದು ತಿಂಗಳ ದುಡಿಮೆ ಆ ಒಂದೆರಡು ರಾತ್ರಿಗಳ ಕೈಯಲ್ಲಿರುತ್ತದೆ.

ಮುಂದಿನ ಬೆಳೆಯ ಹೊತ್ತಿಗೆ ನಾನು ಅವರ ಮನೆಗೆ ಹೋದೆ. ಕ್ಷಮೆ ಕೇಳುವುದಿತ್ತು. ಒಳಗೆ ಕಾಲಿಡುತ್ತಲೇ ಆ ತಾಯಿ ತುಟಿಗೆ ಬೆರಳಿಟ್ಟರು. ಹುಳುಗಳು ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ತನ್ನ ಬದುಕಿನಲ್ಲಿ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಸುಮಾರು ಒಂದು ದಿನ ಸುಮ್ಮನಿರುತ್ತದೆ. ಹಳೆಯ ಚರ್ಮ ಕಳಚಿ ಹೊಸದರೊಳಗೆ ಬೆಳೆಯುವ ಹೊತ್ತು ಅದು. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳುವಿನ ಹಸಿವೋ ಹಸಿವು! ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಈಗ ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದು ರಾತ್ರಿಯ ಕೆಲಸ ಕಡಿಮೆಯಾಗಿದೆ. ಆಗೆಲ್ಲ ನಡುರಾತ್ರಿಯೂ ಎದ್ದು ಸೊಪ್ಪು ಹಾಕಬೇಕಿತ್ತು.

ಆ ಮನೆಯಲ್ಲಿ ಅಂದು ಮಕ್ಕಳು ಪಿಸುಗುಟ್ಟುತ್ತಿದ್ದರು. ಹುಳದ ವಿಶ್ರಾಂತಿಗೆ ಅಷ್ಟು ಮರ್ಯಾದೆ. ಅದನ್ನು ಕಾಯುತ್ತಿದ್ದ ಹೆಂಗಸಿನ ಕಣ್ಣು ಮಾತ್ರ ಕೆಂಡದ ಹಾಗಿತ್ತು. "ನೀವು ಮಲಗುವುದು ಯಾವಾಗ?" ಎಂದು ಕೇಳಿದೆ. ನಕ್ಕುಬಿಟ್ಟರು. ಅದೊಂದು ಕೇಳುವ ಪ್ರಶ್ನೆಯೇ ಎಂಬಂತಿತ್ತು ಆ ನಗು.

ನಮ್ಮ ಅಜ್ಜಿಯ ಕಾಲದಲ್ಲಿ ಇಶಾ ನಮಾಝ್ ಮುಗಿದರೆ ಬುಡ್ಡಿ ದೀಪ ಆರಿಸಿ ಮಲಗುತ್ತಿದ್ದರು. ಸೀಮೆಎಣ್ಣೆ ಉಳಿಸಲೆಂದಾದರೂ ಮಲಗಲೇಬೇಕಿತ್ತು. ವಿಚಿತ್ರವೆಂದರೆ ರಾತ್ರಿಯನ್ನು ಹಗಲು ಮಾಡುವ ಬೆಳಕು ಹೊರಟದ್ದು ಇದೇ ಮಳವಳ್ಳಿ ತಾಲೂಕಿನಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಪಕ್ಕದ ಹಳ್ಳಿಗಳು ಮಾತ್ರ ಬಹುಕಾಲ ಬುಡ್ಡಿ ದೀಪದಲ್ಲೇ ಉಳಿದವು. ಈಗ ಆ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದೇವೆ ಅನ್ನಿಸುತ್ತದೆ. ಹನ್ನೆರಡರವರೆಗೆ ಟ್ಯೂಬ್‌ಲೈಟು, ಆಮೇಲೆ ಮೊಬೈಲು. ಕತ್ತಲಾಗುತ್ತಲೇ ನಮ್ಮ ದೇಹ ಮೆಲಟೋನಿನ್ ಎಂಬ ರಸವನ್ನು ಹೆಚ್ಚಿಸಿ ಮಲಗಲು ಅಣಿಯಾಗುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಅದಕ್ಕೆ ತಡೆ. ದೇಹದೊಳಗಿನ ಈ ಗಡಿಯಾರದ ಗುಟ್ಟು ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು. ದೊಡ್ಡವರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ತಜ್ಞರು. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೂ ನಿದ್ದೆಯಲ್ಲೇ. ತಣ್ಣೀರಿನಲ್ಲಿ ಕಾಲಿಟ್ಟು ನಾನು ಓದಿದ ಇತಿಹಾಸ ಪರೀಕ್ಷೆಯಲ್ಲಿ ಏಕೆ ಕೈಕೊಟ್ಟಿತೆಂದು ತಿಳಿದದ್ದು ಹೀಗೆ ತಡವಾಗಿ!

ಬೆಳಗಿನ ಹೊತ್ತು ಮದ್ದೂರಿನ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು ಬಸ್ಸು ಹತ್ತುತ್ತಲೇ ಒಬ್ಬರ ಹೆಗಲಿಗೊಬ್ಬರು ತಲೆ ಇಟ್ಟು ಮಲಗಿಬಿಡುತ್ತಾರೆ. ಬುರ್ಖಾದವಳ ಹೆಗಲ ಮೇಲೆ ಹೂ ಮುಡಿದವಳ ತಲೆ. ಅಡುಗೆ ಮುಗಿಸಿ, ಡಬ್ಬಿ ಕಟ್ಟಿ ಬಂದವರು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮಲ್ಲಿ ಕೆಲವರಿಗೆ ಇದೊಂದು ಹೆಮ್ಮೆ. "ನನ್ನ ಅತ್ತೆ ಮಲಗಿದ್ದನ್ನು ಯಾರೂ ನೋಡಿಲ್ಲ" ಎಂದು ಹೊಗಳುವವರಿದ್ದಾರೆ. ಸ್ವಲ್ಪ ಯೋಚಿಸಿ. ತೂಕಡಿಕೆಯೂ ನಿದ್ದೆಯೂ ಸೋಕದಿರುವುದು ಅಲ್ಲಾಹನ ಗುಣವೆಂದು ನಾವು ದಿನವೂ ಆಯತುಲ್ ಕುರ್ಸಿಯಲ್ಲಿ ಓದುತ್ತೇವೆ. ಅವನಿಗೆ ಮಾತ್ರ ಸಲ್ಲುವ ಗುಣವನ್ನು ಮನೆಯ ಸೊಸೆಯಿಂದ ನಿರೀಕ್ಷಿಸುವುದು ಎಂಥ ನ್ಯಾಯ? ಅದನ್ನು ಅವಳು ತನ್ನಿಂದಲೇ ನಿರೀಕ್ಷಿಸಿಕೊಳ್ಳುವುದು ಇನ್ನೂ ವಿಚಿತ್ರ.

ಮಸೀದಿಯ ಎರಡು ಕಂಬಗಳ ನಡುವೆ ಕಟ್ಟಿದ್ದ ಹಗ್ಗದ ಪ್ರಸಂಗ ನಿಮಗೆ ನೆನಪಿರಬಹುದು. ಅದು ಹ. ಝೈನಬ್(ರ) ಅವರದೆಂದೂ, ನಮಾಝ್‌ನಲ್ಲಿ ದಣಿದಾಗ ಹಿಡಿದುಕೊಳ್ಳಲು ಕಟ್ಟಿದ್ದಾರೆಂದೂ ತಿಳಿದಾಗ ಪ್ರವಾದಿವರ್ಯರು(ಸ) ಹಗ್ಗವನ್ನು ಬಿಚ್ಚಿಸಿದರು. ಉಲ್ಲಾಸವಿರುವಷ್ಟು ಹೊತ್ತು ನಮಾಝ್ ಮಾಡಲಿ, ದಣಿದರೆ ಕುಳಿತುಕೊಳ್ಳಲಿ ಎಂದರು. ನಮಾಝ್‌ನಲ್ಲಿ ತೂಕಡಿಕೆ ಬಂದವರು ನಿದ್ದೆ ಹೋಗುವ ತನಕ ಮಲಗಲಿ ಎಂಬ ಬೋಧನೆಯನ್ನು ಹ. ಆಯಿಶಾ(ರ) ಉಲ್ಲೇಖಿಸಿದ್ದಾರೆ. ಫಜ್ರ್‌ನ ಅಝಾನ್ ನಿದ್ದೆಗಿಂತ ನಮಾಝ್ ಮೇಲೆಂದು ಕರೆಯುತ್ತದೆ, ನಿಜ. ಆದರೆ ಪಾತ್ರೆ ತಿಕ್ಕುವುದು ಮೇಲೆಂದು ಎಲ್ಲೂ ಹೇಳಿಲ್ಲವಲ್ಲ! ಆರಾಧನೆಗೇ ಇಲ್ಲದ ಹಗ್ಗವನ್ನು ಅಡುಗೆಮನೆಯಲ್ಲಿ ಕಟ್ಟಿಕೊಂಡವರು ನಾವು.

ರಮಝಾನಿನಲ್ಲಿ ಇದು ಎದ್ದು ಕಾಣುತ್ತದೆ. ತರಾವೀಹ್ ಮುಗಿಸಿ ಬಂದವರಿಗೆ ಬಡಿಸಿ ಕೊನೆಗೆ ಮಲಗುವವಳೂ ಅವಳೇ, ಸಹರಿಗೆ ಎಲ್ಲರಿಗಿಂತ ಒಂದು ಗಂಟೆ ಮೊದಲು ಏಳುವವಳೂ ಅವಳೇ. ಗಂಡಸರಿಗೆ ಇದು ಗೊತ್ತಿಲ್ಲವೆಂದಲ್ಲ. ನಾವು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದೆ ಒಳಗೊಳಗೇ ಕುದಿಯುತ್ತೇವೆ, ಆ ಸಿಟ್ಟನ್ನೆಲ್ಲ ನಿದ್ದೆಯ ಮೇಲೆ ತೀರಿಸಿಕೊಳ್ಳುತ್ತೇವೆ.

ಕಳೆದ ರಮಝಾನಿನಲ್ಲಿ ನಾನು ಹೇಳಿದೆ. ವಾರಕ್ಕೆ ಎರಡು ದಿನ ಸಹರಿಯ ಜವಾಬ್ದಾರಿ ಅಪ್ಪ-ಮಗನದು ಎಂದು ತೀರ್ಮಾನವಾಯಿತು. ಮೊದಲ ದಿನ ಅವರು ಮೂರೂವರೆಗೆ ಎದ್ದರು. ನಾನು ಹೊದ್ದುಕೊಂಡು ಮಲಗಿದ್ದೆ. ನಿದ್ದೆ ಬರಲಿಲ್ಲ. ಯಾವ ಪಾತ್ರೆ ಬಿತ್ತು, ಯಾವ ಡಬ್ಬಿ ತೆಗೆದರು, ಹಾಲು ಉಕ್ಕಿತೇ ಎಂದು ಕಿವಿ ಅಡುಗೆಮನೆಯಲ್ಲೇ ಇತ್ತು. ಎರಡು ಸಲ ಎದ್ದು ಕುಳಿತು, ಮತ್ತೆ ಮಲಗಿದೆ. ಮೂರನೆಯ ವಾರದಲ್ಲಿ ಮಗ ಬಂದು ಭುಜ ಅಲುಗಿಸಿ, "ಅಮ್ಮಿ, ಏಳಮ್ಮಿ, ಸಹರಿಗೆ ಇನ್ನು ಹತ್ತೇ ನಿಮಿಷ ಇದೆ" ಎಂದಾಗ ನನಗೆ ನಿಜವಾಗಿಯೂ ಎಚ್ಚರವಿರಲಿಲ್ಲ.