ದೂರಪ್ರಯಾಣದ ಮೋಟಾರ್‌ಸೈಕಲ್‌ನ ಮನೆನಿರ್ವಹಣೆ (ದಕ್ಷಿಣ ಕನ್ನಡ)

ಮೋಟಾರ್‌ಸೈಕಲ್‌ನ ಮನೆನಿರ್ವಹಣೆ ಎಂದರೆ, ವಾಹನದ ಮಾಲೀಕನು ಗ್ಯಾರೇಜಿನ ನೆರವಿಲ್ಲದೆ ಮನೆಯಂಗಳದಲ್ಲಿ ಅಥವಾ ದಾರಿಬದಿಯಲ್ಲಿ, ಕೈಗೆ ದೊರೆಯುವ ಸಲಕರಣೆಗಳಿಂದ ಮಾಡಿಕೊಳ್ಳುವ ಆರೈಕೆ ಮತ್ತು ತಾತ್ಕಾಲಿಕ ದುರಸ್ತಿ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಈ ಆರೈಕೆಯ ಸ್ವರೂಪವನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಮಳೆ ಮತ್ತು ಘಾಟಿಯ ಇಳಿಜಾರು. ಇಲ್ಲಿ ಬಳಕೆಯಲ್ಲಿರುವ ಉಪಾಯಗಳಲ್ಲಿ ಕೆಲವು ಸವಾರನನ್ನು ಕ್ಷೇಮವಾಗಿ ಮನೆ ಮುಟ್ಟಿಸುತ್ತವೆ. ಇನ್ನು ಕೆಲವು ದುರಸ್ತಿಯಾಯಿತೆಂಬ ಭ್ರಮೆಯನ್ನಷ್ಟೇ ಹುಟ್ಟಿಸಿ ಮುಂದಿನ ತಿರುವಿನಲ್ಲಿ ಕೈಕೊಡುತ್ತವೆ. ಇವೆರಡರ ನಡುವಿನ ವ್ಯತ್ಯಾಸವನ್ನು ಅರಿತಿರುವುದು ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ಬೇಕಾದ ತಿಳಿವಳಿಕೆ.

ದಾರಿ ಮತ್ತು ಹವಾಮಾನ

ಮಂಗಳೂರಿನಿಂದ ಸುಮಾರು 25 ಕಿ.ಮೀ. ದೂರದ ಬಂಟ್ವಾಳದ ಬಿ.ಸಿ.ರೋಡ್ ಬಳಿ ದಾರಿ ಕವಲೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 75 ಉಪ್ಪಿನಂಗಡಿ, ಶಿರಾಡಿ ಘಾಟಿಗಳ ಮೂಲಕ ಸಕಲೇಶಪುರ, ಹಾಸನಗಳತ್ತ ಸಾಗುತ್ತದೆ. ಹೆದ್ದಾರಿ 73 ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಾಟಿಯನ್ನೇರಿ ಕೊಟ್ಟಿಗೆಹಾರ ತಲುಪುತ್ತದೆ. ಮೂಡುಬಿದಿರೆಯು ಮಂಗಳೂರು–ಕಾರ್ಕಳ ದಾರಿಯಲ್ಲಿದ್ದು, ವೇಣೂರಿನ ಮೂಲಕ ಬೆಳ್ತಂಗಡಿಗೂ ಸಿದ್ಧಕಟ್ಟೆಯ ಮೂಲಕ ಬಂಟ್ವಾಳಕ್ಕೂ ಸಂಪರ್ಕ ಹೊಂದಿದೆ. ಹೀಗಾಗಿ ಈ ಊರುಗಳ ಸವಾರನು ದೂರಪ್ರಯಾಣಕ್ಕೆ ಹೊರಟನೆಂದರೆ ಬಹುಪಾಲು ಘಾಟಿ ಏರಲೇಬೇಕು, ಮರಳುವಾಗ ಇಳಿಯಲೇಬೇಕು.

ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ, ಅದರ ಹೆಚ್ಚಿನ ಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಭೂಕುಸಿತವಾಗಿ ಸಂಚಾರ ಸ್ಥಗಿತಗೊಂಡಿತ್ತು. ಮಳೆಯ ಜೊತೆಗೆ ಮುರಕಲ್ಲಿನ ಕೆಂಪುಮಣ್ಣು ನುಣ್ಣನೆಯ ಕೆಸರಾಗಿ ಚೈನು, ಬ್ರೇಕ್ ಡ್ರಮ್ಮು, ಕೇಬಲ್‌ಗಳ ಒಳಕ್ಕೆ ಸೇರುತ್ತದೆ. ತುಳುನಾಡಿನಲ್ಲಿ ಜಾತ್ರೆ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವುದು ಪತ್ತನಾಜೆಯಂದು, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ. ವಾಹನದ ಮಳೆಗಾಲದ ಸಿದ್ಧತೆಯನ್ನೂ ಅಷ್ಟರೊಳಗೆ ಮುಗಿಸುವುದು ಯುಕ್ತ. ಆಟಿ ತಿಂಗಳ ಸುರಿಮಳೆಯಲ್ಲಿ ಅಂಗಳದಲ್ಲಿ ಕುಳಿತು ಚಕ್ರ ಬಿಚ್ಚುವುದು ಯಾರಿಗೂ ಸುಲಭವಲ್ಲ.

ವಾಹನಗಳ ಪೀಳಿಗೆ

ಈ ಭಾಗದ ಮನೆನಿರ್ವಹಣೆಯ ರೂಢಿ ಬೆಳೆದುದು ಹಳೆಯ ಸರಳ ಯಂತ್ರಗಳ ಜೊತೆಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ, ಮದ್ರಾಸಿನ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ಇವುಗಳಲ್ಲಿ ಮುಖ್ಯವಾದವು. ಕಾರ್ಬ್ಯುರೇಟರ್, ಪಾಯಿಂಟ್, ಪ್ಲಗ್ ಇವನ್ನು ತಿಳಿದವನು ದಾರಿಯಲ್ಲಿ ನಿಂತ ಇಂಥ ವಾಹನವನ್ನು ಬಹುಮಟ್ಟಿಗೆ ಮತ್ತೆ ನಡೆಸಬಲ್ಲವನಾಗಿದ್ದನು. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಬ್ರೇಕ್ ಕಡ್ಡಾಯವಾಯಿತು; 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿ.ಎಸ್.-6 ನಿಯಮದ ಬಳಿಕ ಕಾರ್ಬ್ಯುರೇಟರಿನ ಸ್ಥಾನವನ್ನು ಇಂಧನ ಇಂಜೆಕ್ಷನ್ ಆಕ್ರಮಿಸಿತು. ಹೊಸ ವಾಹನ ಕೆಡುವುದು ಕಡಿಮೆ, ಆದರೆ ಕೆಟ್ಟರೆ ಮಾಲೀಕನ ಕೈಯಲ್ಲಿ ಉಳಿಯುವ ಕೆಲಸವೂ ಕಡಿಮೆ. ಹಳೆಯದನ್ನು ಬ್ಯಾಟರಿ ಸತ್ತಿದ್ದರೂ ತಳ್ಳಿ ಸ್ಟಾರ್ಟ್ ಮಾಡಬಹುದಾಗಿತ್ತು. ಇಂಜೆಕ್ಷನ್ ವಾಹನದಲ್ಲಿ ಪೆಟ್ರೋಲ್ ಪಂಪ್ ನಡೆಯಲು ಬ್ಯಾಟರಿಯಲ್ಲಿ ಒಂದಿಷ್ಟಾದರೂ ಜೀವವಿರಬೇಕು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಕರಿಗೆ ನೀಡುವ ಸ್ವಉದ್ಯೋಗ ತರಬೇತಿಗಳಲ್ಲಿ ದ್ವಿಚಕ್ರ ವಾಹನ ದುರಸ್ತಿಯೂ ಸೇರಿದೆ.

ಚೈನಿನ ಆರೈಕೆ

ಮಳೆಗಾಲದಲ್ಲಿ ಎಲ್ಲಕ್ಕಿಂತ ಬೇಗ ಸವೆಯುವುದು ಚೈನು. ಜಾವಾ, ಯೆಜ್ಡಿಗಳ ಚೈನಿಗೆ ಪೂರ್ತಿ ಮುಚ್ಚಿದ ಕವಚವಿದ್ದುದರಿಂದ ಕೆಸರಿನ ತೊಂದರೆ ಕಡಿಮೆಯಿತ್ತು. ಈಗಿನ ಬಹುತೇಕ ಪ್ರವಾಸಿ ವಾಹನಗಳ ಚೈನು ತೆರೆದೇ ಇರುತ್ತದೆ. ಒಣ ರಸ್ತೆಯಲ್ಲಿ 500 ಕಿ.ಮೀ.ಗೊಮ್ಮೆ ಎಣ್ಣೆ ಹಾಕಿದರೆ ಸಾಕಾಗುವ ಇಂಥ ಚೈನಿಗೆ ಮಳೆಯಲ್ಲಿ ಒಂದು ದಿನದ ಸವಾರಿಯ ಬಳಿಕವೇ ಎಣ್ಣೆ ಬೇಕಾಗುತ್ತದೆ. ಕ್ರಮ ಸರಳ. ವಾಹನವನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚೈನನ್ನು ಒರೆಸಿ, ಒಣಗಿದ ಮೇಲೆ ಕೆಳಭಾಗದ ಎಳೆಯ ಒಳಮೈಗೆ ಎಣ್ಣೆ ಬಿಡಬೇಕು. ಚಕ್ರ ತಿರುಗಿದಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಹರಡಿಕೊಳ್ಳುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದು ಚೈನು ಒರೆಸಲು ಹೋದರೆ ಬಟ್ಟೆಯೊಂದಿಗೆ ಬೆರಳೂ ಸ್ಪ್ರಾಕೆಟಿಗೆ ಸಿಕ್ಕಿ ತುಂಡಾಗುತ್ತದೆ; ಈ ಕೆಲಸದಲ್ಲಿ ಆಗುವ ಅತಿ ಗಂಭೀರ ಗಾಯವೇ ಇದು.

ಯಾವ ಎಣ್ಣೆ ಎಂಬುದರಲ್ಲಿ ಮನೆಗೊಂದು ಮತವಿದೆ. ಕರಾವಳಿಯ ಮನೆಯಲ್ಲಿ ಸದಾ ಸಿಗುವುದು ತೆಂಗಿನೆಣ್ಣೆ. ಕಿರುಗುಟ್ಟುವ ಬಾಗಿಲಿನ ತಿರುಗಣೆಗೆ ಒಳ್ಳೆಯದಾದ ಈ ಎಣ್ಣೆ ಚೈನಿಗೆ ಒಗ್ಗುವುದಿಲ್ಲ. ತೆಳುವಾದ ಕಾರಣ ವೇಗದಲ್ಲಿ ಸಿಡಿದುಹೋಗುತ್ತದೆ, ಉಳಿದದ್ದು ದಿನ ಕಳೆದಂತೆ ಅಂಟಾಗಿ ಮಣ್ಣನ್ನು ಹಿಡಿದಿಡುತ್ತದೆ. ಅಲ್ಲದೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ, ಘಾಟಿ ಮೇಲಿನ ಚಳಿಯ ಮುಂಜಾನೆಯಲ್ಲಿ ಚೈನಿನ ಕೊಂಡಿಗಳ ಮೇಲೆ ಬೆಣ್ಣೆಯಂತೆ ಕುಳಿತುಬಿಡುತ್ತದೆ. ಎಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯನ್ನು ಚೈನಿಗೆ ಸುರಿಯುವ ರೂಢಿಯೂ ವ್ಯಾಪಕವಾಗಿದೆ; ಅದರಲ್ಲಿ ತೇಲುವ ಲೋಹದ ಸೂಕ್ಷ್ಮ ಕಣಗಳು ಚೈನನ್ನು ಅರೆಯುತ್ತವೆ. ಅಗ್ಗವಾಗಿಯೂ ಸಮರ್ಪಕವಾಗಿಯೂ ಇರುವುದು ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ದೊರೆಯುವ 90ರ ಗೇರ್ ಆಯಿಲ್. ಕೊಂಡಿಗಳ ನಡುವೆ ರಬ್ಬರ್ ಉಂಗುರವಿರುವ ಚೈನಾದರೆ ಪೆಟ್ರೋಲನ್ನಾಗಲಿ ತಂತಿಯ ಬ್ರಷನ್ನಾಗಲಿ ತಾಗಿಸಬಾರದು.

ಚೈನಿನ ಸಡಿಲವನ್ನು ಸವಾರರು ಕುಳಿತ ಸ್ಥಿತಿಯಲ್ಲಿ ಪರೀಕ್ಷಿಸುವುದೋ, ಖಾಲಿ ವಾಹನದಲ್ಲೋ ಎಂಬುದು ಮಾದರಿಯ ಕೈಪಿಡಿಯನ್ನು ಅವಲಂಬಿಸಿದೆ. ಸಾಮಾನ್ಯವಾಗಿ 25ರಿಂದ 30 ಮಿ.ಮೀ. ಆಟವಿರಬೇಕು. ಬಿಗಿ ಚೈನು ಸಡಿಲ ಚೈನಿಗಿಂತ ಕೆಟ್ಟದ್ದು, ಏಕೆಂದರೆ ಹಿಂಬದಿಯ ಭಾರಕ್ಕೆ ಅದು ಇನ್ನಷ್ಟು ಬಿಗಿದು ಬೇರಿಂಗನ್ನು ಹಾಳುಮಾಡುತ್ತದೆ. ಕ್ಲಿಪ್ಪಿನ ಜೋಡಣೆ ಕೊಂಡಿಯಿರುವ ಚೈನಿನಲ್ಲಿ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಅಂಥದೊಂದು ಹೆಚ್ಚುವರಿ ಕೊಂಡಿಯನ್ನು ಸಲಕರಣೆಯ ಚೀಲದಲ್ಲಿ ಇಟ್ಟುಕೊಳ್ಳುವುದು ಒಳಿತು.

ಘಾಟಿ ಇಳಿಯುವಾಗ ಎಂಜಿನ್ ಮತ್ತು ಬ್ರೇಕ್

ಜಾವಾ, ಯೆಜ್ಡಿಗಳಂತಹ ಎರಡು-ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಂದಿಗೇ ಬೆರೆತು ಒಳಹೋಗುತ್ತದೆ. ಲೀಟರಿಗೆ ಸುಮಾರು 40 ಮಿ.ಲೀ. ಎಂಬುದು ರೂಢಿಯ ಲೆಕ್ಕ. ಎಕ್ಸಲರೇಟರ್ ಮುಚ್ಚಿ ಉದ್ದನೆಯ ಇಳಿಜಾರಿನಲ್ಲಿ ಇಳಿದರೆ ಪೆಟ್ರೋಲಿನೊಂದಿಗೆ ಎಣ್ಣೆಯೂ ನಿಲ್ಲುತ್ತದೆ, ಆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ. ಪಿಸ್ಟನ್ ಹಿಡಿದುಕೊಂಡರೆ ಹಿಂಚಕ್ರವೂ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಹಾಗಾಗುವುದು ಪ್ರಾಣಾಪಾಯ. ಆದ್ದರಿಂದ ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಎಕ್ಸಲರೇಟರನ್ನು ಒಮ್ಮೆ ತಿರುಗಿಸಿ ಎಂಜಿನ್ನಿಗೆ ಎಣ್ಣೆ ಕುಡಿಸುವುದು ಹಳಬರ ಅಭ್ಯಾಸ. ಕಿವಿಗೆ ಪಡ್ಡೆ ಹುಡುಗರ ಚೇಷ್ಟೆಯಂತೆ ಕೇಳಿಸಿದರೂ ಅದರ ಹಿಂದೆ ಸರಿಯಾದ ಕಾರಣವಿದೆ.

ನಾಲ್ಕು-ಸ್ಟ್ರೋಕ್ ವಾಹನಕ್ಕೆ ಈ ಭಯವಿಲ್ಲ. ಅದರಲ್ಲಿ ಏರುವಾಗ ಬೇಕಾದ ಗೇರಿನಲ್ಲೇ ಇಳಿದು ಎಂಜಿನ್ನಿನ ಹಿಡಿತವನ್ನು ಬಳಸಿಕೊಳ್ಳಬೇಕು. ಇಂಧನ ಉಳಿಸಲೆಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಜಾರಿಬಿಡುವುದು ಉಳಿತಾಯವಲ್ಲ, ಅವಿವೇಕ. ಎಲ್ಲ ಭಾರವೂ ಬ್ರೇಕಿನ ಮೇಲೆ ಬಿದ್ದು, ಡ್ರಮ್ಮು ಕಾದು, ಲಿವರ್ ಎಷ್ಟು ಒತ್ತಿದರೂ ಹಿಡಿಯದ ಸ್ಥಿತಿ ಬರುತ್ತದೆ. ಆಗ ನೀರು ಸುರಿಯಬಾರದು. ವಾಹನವನ್ನು ಬದಿಗೆ ನಿಲ್ಲಿಸಿ ಆರಲು ಬಿಡಬೇಕು.

ನೀರು ನುಗ್ಗಿದ ಡ್ರಮ್ ಬ್ರೇಕ್ ಸಹ ಹಿಡಿಯುವುದಿಲ್ಲ. ತುಂಬಿದ ತೋಡನ್ನು ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಶೂ ಕಾದು ಒಣಗುತ್ತದೆ. ಬೇಸಿಗೆಯಲ್ಲಿ ಡ್ರಮ್ಮು ಬಿಚ್ಚಿ, ಹೊಳಪೇರಿದ ಶೂವನ್ನು ಮರಳುಕಾಗದದಿಂದ ತಿಕ್ಕಿ ಒರಟಾಗಿಸುವುದು ಮನೆಯಲ್ಲಿ ಮಾಡಬಹುದಾದ ಕೆಲಸ. ಒಳಗಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಶೂಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಡಿಸ್ಕ್ ಬ್ರೇಕಿನ ದ್ರವದ ಕುರಿತು ತಿಳಿವಳಿಕೆ ಇನ್ನೂ ಕಡಿಮೆಯಿದೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದರ ಕುದಿಬಿಂದು ಇಳಿಯುತ್ತದೆ, ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗಿ ಲಿವರ್ ಮೆತ್ತಗಾಗುತ್ತದೆ. ಕರಾವಳಿಯಷ್ಟು ತೇವದ ಗಾಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದನ್ನು ತಪ್ಪಿಸಬಾರದು. ದ್ರವ ಕಡಿಮೆಯಾಯಿತೆಂದು ಎಂಜಿನ್ ಆಯಿಲನ್ನೋ ಅಡುಗೆಮನೆಯ ಎಣ್ಣೆಯನ್ನೋ ತುಂಬಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕ್ ಸಂಪೂರ್ಣ ಕೆಡುತ್ತದೆ. ಬ್ರೇಕಿನ ವಿಷಯದಲ್ಲಿ ತಾತ್ಕಾಲಿಕ ದುರಸ್ತಿ ಎಂಬುದೇ ಇಲ್ಲ. ಹಿಡಿಯದ ಬ್ರೇಕಿನ ವಾಹನವನ್ನು ಪಿಕಪ್‌ನಲ್ಲಿ ಹೇರಿ ತರುವುದೊಂದೇ ಮಾರ್ಗ.

ದಾರಿಬದಿಯ ಉಪಾಯಗಳು

ಕ್ಲಚ್ ಕೇಬಲ್ ತುಂಡಾಗುವುದು ಸಾಮಾನ್ಯ ಅನುಭವ. ಅನುಭವಿಗಳು ಹೊಸ ಕೇಬಲೊಂದನ್ನು ಹಳೆಯದರ ಪಕ್ಕದಲ್ಲೇ ಟೇಪಿನಿಂದ ಕಟ್ಟಿ ಇಟ್ಟಿರುತ್ತಾರೆ. ಹಳೆಯದು ತುಂಡಾದಾಗ ಎರಡು ತುದಿಗಳನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಎಕ್ಸಲರೇಟರ್ ಕೇಬಲ್ ಹೋದರೆ ಕಾರ್ಬ್ಯುರೇಟರಿನ ಐಡ್ಲಿಂಗ್ ಸ್ಕ್ರೂವನ್ನು ಬಿಗಿಮಾಡಿ, ಮೊದಲ ಎರಡು ಗೇರುಗಳಲ್ಲಿ ಸಮತಟ್ಟಾದ ದಾರಿಯಲ್ಲಿ ಹತ್ತಿರದ ಪೇಟೆ ಸೇರಬಹುದು. ಘಾಟಿಯಲ್ಲಿ ಇದನ್ನು ಪ್ರಯತ್ನಿಸಬಾರದು.

ಪೆಟ್ರೋಲ್ ಟ್ಯಾಂಕಿನಲ್ಲಿ ತೂತು ಬಿದ್ದು ಜಿನುಗುತ್ತಿದ್ದರೆ ಬಟ್ಟೆ ಒಗೆಯುವ ಬಾರ್ ಸಾಬೂನನ್ನು ಒತ್ತಿ ತಿಕ್ಕುವುದು ಹಳೆಯ ಉಪಾಯ. ಸಾಬೂನು ಪೆಟ್ರೋಲಿನಲ್ಲಿ ಕರಗದ ಕಾರಣ ಅದು ತಕ್ಕಮಟ್ಟಿಗೆ ನಿಲ್ಲುತ್ತದೆ. ಆದರೆ ನೀರಿನಲ್ಲಿ ಕರಗುತ್ತದೆಯಾದ್ದರಿಂದ ಮಳೆಯಲ್ಲಿ ಈ ಉಪಾಯದ ಆಯುಷ್ಯ ಅಲ್ಪ. ಟ್ಯೂಬಿನ ಪಂಕ್ಚರ್ ಹುಡುಕಲೂ ಸಾಬೂನು ನೀರೇ ಸಾಕು. ಫ್ಯೂಸ್ ಹೋದಾಗ ಸಿಗರೇಟು ಪೊಟ್ಟಣದ ಬೆಳ್ಳಿಹಾಳೆ ಸುತ್ತುವುದು ಮಾತ್ರ ವೈರುಗಳಿಗೆ ಬೆಂಕಿ ಹಚ್ಚುವ ದಾರಿ. ಹತ್ತು ರೂಪಾಯಿಯ ಫ್ಯೂಸುಗಳೆರಡನ್ನು ಇಟ್ಟುಕೊಂಡರೆ ಅದರ ಅಗತ್ಯವೇ ಬೀಳದು.

ಬಿಚ್ಚಿದ ನಟ್ಟು, ವಾಷರುಗಳು ಹುಲ್ಲಿನಲ್ಲಿ ಕಳೆದುಹೋಗದಂತೆ ಅಡಿಕೆ ಹಾಳೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಬಹುದು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಗಳಾಗಿ ಕತ್ತರಿಸಿದರೆ ಸಾಮಾನು ಕಟ್ಟಲು ಅದಕ್ಕಿಂತ ಗಟ್ಟಿಯಾದುದು ಬೇರಿಲ್ಲ. ತೂಗಾಡುವ ತುದಿ ಉಳಿದರೆ ಅದು ಚೈನಿಗೆ ಸಿಕ್ಕುತ್ತದೆ ಎಂಬ ಎಚ್ಚರ ಬೇಕು. ಚಂದಕ್ಕೆಂದು ಸೀರೆ ಗಾರ್ಡನ್ನು ಕಳಚಿಹಾಕುವವರಿದ್ದಾರೆ. ಹಿಂಬದಿ ಕುಳಿತವರ ಸೀರೆ, ಚೂಡಿದಾರದ ಶಾಲು ಚಕ್ರಕ್ಕೆ ಸಿಕ್ಕದಂತೆ ಇರುವ ಈ ಕವಚ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇರಲೇಬೇಕಾದುದು.

ನಿಲ್ಲಿಸಿಟ್ಟ ವಾಹನ

ಮಳೆಗಾಲದಲ್ಲಿ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ವಾಹನಕ್ಕೆ ಓಡುವ ವಾಹನಕ್ಕಿಂತ ಹೆಚ್ಚು ಶತ್ರುಗಳಿವೆ. ಇಲಿಗಳು ವೈರಿನ ಹೊದಿಕೆಯನ್ನು ಕಡಿಯುತ್ತವೆ. ಕುಂಬಾರ ಹುಳುಗಳು ಟ್ಯಾಂಕಿನ ಹಾಗೂ ಕಾರ್ಬ್ಯುರೇಟರಿನ ಗಾಳಿಕೊಳವೆಗಳಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಸ್ವಲ್ಪ ದೂರ ಓಡಿ ನಿಂತುಹೋಗುವ, ಟ್ಯಾಂಕಿನ ಮುಚ್ಚಳ ತೆರೆದೊಡನೆ ಮತ್ತೆ ಓಡುವ ವಾಹನದಲ್ಲಿ ಮೊದಲು ನೋಡಬೇಕಾದುದು ಈ ಕೊಳವೆಯನ್ನೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಸೆಳೆದುಕೊಳ್ಳುತ್ತದೆ. ನೀರಿನಂಶ ಮಿತಿಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಹಳೆಯ ಕಾರ್ಬ್ಯುರೇಟರಿನ ರಬ್ಬರ್ ಭಾಗಗಳಿಗೂ ಎಥೆನಾಲ್ ಒಗ್ಗುವುದಿಲ್ಲ. ಬಹಳ ದಿನ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಖಾಲಿ ಮಾಡಿಡಬೇಕು.

ಅಡಿಕೆ ತೋಟವಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ದ್ರಾವಣ ಹದವಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಬಣ್ಣ ಹತ್ತುತ್ತದೆಯೇ ಎಂದು ನೋಡುವ ಪರೀಕ್ಷೆ ಕೃಷಿಕರಿಗೆ ತಿಳಿದದ್ದೇ. ಅದೇ ಕ್ರಿಯೆ ಕ್ಯಾರಿಯರ್, ಕಡ್ಡಿ, ರಿಮ್ಮುಗಳ ಮೇಲೂ ನಡೆಯುತ್ತದೆ. ಮೈಲುತುತ್ತಿನ ಚೀಲ ಹೇರಿ ತಂದ ದಿನವೇ ವಾಹನವನ್ನು ತೊಳೆಯಬೇಕು.

ತೆಗೆದ ಎಂಜಿನ್ ಆಯಿಲನ್ನು ಗೆದ್ದಲು ಬಾರದಂತೆ ಬೇಲಿಯ ಗೂಟಗಳಿಗೆ ಬಳಿಯುವ ಪದ್ಧತಿಯಿದೆ. ಮಳೆಯಲ್ಲಿ ತೊಳೆದುಹೋಗುವ ಆ ಎಣ್ಣೆ ತೋಡಿಗೂ ಬಾವಿಗೂ ಇಳಿಯುತ್ತದೆ. ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.